ಹವಳದ ತೊಟ್ಟಿಯಲ್ಲಿ ಕ್ಯಾಲ್ಸಿಯಂ ಮತ್ತು ಕ್ಷಾರತೆಯನ್ನು ಕಾಯ್ದುಕೊಳ್ಳುವ ಬಗೆ

ಕಲ್ಲುಹವಳಗಳು, ಬಂಡೆಯ ಮೇಲೆ ನೇರಳೆ ಪದರವಾಗಿ ಹಬ್ಬುವ ಕೋರಲೈನ್ ಪಾಚಿ ಮತ್ತು ಚಿಪ್ಪಿನ ಜೀವಿಗಳು ತಮ್ಮ ಗಟ್ಟಿ ಭಾಗಗಳನ್ನು ಕಟ್ಟಿಕೊಳ್ಳುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಅದಕ್ಕೆ ಬೇಕಾದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟನ್ನು ಅವು ನೀರಿನಿಂದಲೇ ಪಡೆಯುತ್ತವೆ. ಸಮುದ್ರದಲ್ಲಿ ಈ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಮನೆಯಲ್ಲಿ ಹವಳ ಸಾಕುವ ಇನ್ನೂರು ಲೀಟರಿನ ಉಪ್ಪುನೀರಿನ ತೊಟ್ಟಿಯಲ್ಲಿ ಅದು ಕೆಲವೇ ದಿನಗಳಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಖರ್ಚಾದಷ್ಟನ್ನು ನಾವೇ ಪ್ರತಿದಿನ ತುಂಬಿಕೊಡಬೇಕಾಗುತ್ತದೆ.

ಕ್ಷಾರತೆ ಎಂದರೆ ಆಮ್ಲವನ್ನು ತಟಸ್ಥಗೊಳಿಸಲು ನೀರಿಗಿರುವ ಶಕ್ತಿ. ಸಮುದ್ರದ ನೀರಿನಲ್ಲಿ ಅದರ ಬಹುಪಾಲು ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟಿನಿಂದ ಬರುತ್ತದೆ. ಹವ್ಯಾಸಿಗಳು ಇದನ್ನು ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಜರ್ಮನ್ ಡಿಗ್ರಿ) ಎಂಬ ಮಾನದಲ್ಲಿ ಅಳೆಯುತ್ತಾರೆ. ಹೊಸದಾಗಿ ತೊಟ್ಟಿ ಇಟ್ಟವರಿಗೆ ಕ್ಯಾಲ್ಸಿಯಂನದೇ ಚಿಂತೆ ಹೆಚ್ಚು, ಆದರೆ ದಿನನಿತ್ಯ ಕಣ್ಣಿಡಬೇಕಾದದ್ದು ಕ್ಷಾರತೆಯ ಮೇಲೆ. ಹವಳವು 1 ಡಿಕೆಎಚ್ ಕ್ಷಾರತೆಯನ್ನು ಬಳಸಿಕೊಳ್ಳುವ ಹೊತ್ತಿಗೆ ಅದರ ಜೊತೆಗೆ ಬಳಸುವ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 7 ಭಾಗ) ಮಾತ್ರ. ಕ್ಷಾರತೆ 8ರಿಂದ 7ಕ್ಕೆ ಇಳಿದರೆ ಎಂಟರಲ್ಲೊಂದು ಪಾಲು ಹೋದಂತಾಯಿತು. ಅದೇ ವೇಳೆಗೆ ಕ್ಯಾಲ್ಸಿಯಂ 420ರಿಂದ 413ಕ್ಕೆ ಇಳಿದಿರುತ್ತದೆ, ಇಷ್ಟು ಚಿಕ್ಕ ವ್ಯತ್ಯಾಸವನ್ನು ಮನೆಯ ಟೆಸ್ಟ್ ಕಿಟ್ ತೋರಿಸಲಾರದು. ಹಾಗಾಗಿ ಕ್ಷಾರತೆಯನ್ನು ವಾರಕ್ಕೆ ಎರಡು ಮೂರು ಬಾರಿಯೂ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಎರಡು ವಾರಕ್ಕೊಮ್ಮೆಯೂ ಪರೀಕ್ಷಿಸಿದರೆ ಸಾಕಾಗುತ್ತದೆ.

ಸಹಜ ಸಮುದ್ರದ ನೀರಿನಲ್ಲಿ, ಲವಣಾಂಶ ಸಾವಿರಕ್ಕೆ 35 ಇರುವಾಗ, ಕ್ಯಾಲ್ಸಿಯಂ ಸುಮಾರು 420 ಪಿಪಿಎಂ, ಕ್ಷಾರತೆ ಸುಮಾರು 7 ಡಿಕೆಎಚ್, ಮೆಗ್ನೀಸಿಯಂ 1300 ಪಿಪಿಎಂನ ಆಸುಪಾಸಿನಲ್ಲಿರುತ್ತದೆ. ಮನೆಯ ತೊಟ್ಟಿಗೆ ಕ್ಯಾಲ್ಸಿಯಂ 400ರಿಂದ 450, ಕ್ಷಾರತೆ 7.5ರಿಂದ 9, ಮೆಗ್ನೀಸಿಯಂ 1250ರಿಂದ 1400 ಎಂದು ಗುರಿ ಇಟ್ಟುಕೊಳ್ಳಬಹುದು. ಕ್ಷಾರತೆಯನ್ನು 11ರವರೆಗೆ ಏರಿಸಿ ಬೇಗ ಬೆಳೆಸುವವರಿದ್ದಾರೆ. ಆದರೆ ನೈಟ್ರೇಟ್ ಮತ್ತು ಫಾಸ್ಫೇಟ್ ತೀರಾ ಕಡಿಮೆಯಿರುವ ತೊಟ್ಟಿಯಲ್ಲಿ ಹಾಗೆ ಮಾಡಿದರೆ ಅಕ್ರೊಪೊರಾದಂತಹ ಹವಳಗಳ ತುದಿಗಳು ಸುಟ್ಟಂತೆ ಬೆಳ್ಳಗಾಗುವುದುಂಟು. ನನ್ನ ಅಭಿಪ್ರಾಯದಲ್ಲಿ ಅಂಕಿ 8 ಇದ್ದರೇನು, 8.5 ಇದ್ದರೇನು, ಅದು ವಾರದಿಂದ ವಾರಕ್ಕೆ ಒಂದೇ ಕಡೆ ನಿಂತಿರುವುದು ಮುಖ್ಯ.

ಏನನ್ನಾದರೂ ಬೆರೆಸುವ ಮೊದಲು ಲವಣಾಂಶವನ್ನು ನೋಡಬೇಕು, ಏಕೆಂದರೆ ಉಳಿದೆಲ್ಲ ಅಂಕಿಗಳೂ ಅದರೊಂದಿಗೇ ಏರಿಳಿಯುತ್ತವೆ. ಲವಣಾಂಶ 35ರಿಂದ 31ಕ್ಕೆ ಇಳಿದರೆ 420 ಇದ್ದ ಕ್ಯಾಲ್ಸಿಯಂ ಯಾವ ಹವಳವೂ ಬಳಸದೆ 372 ಆಗಿರುತ್ತದೆ. ಅಂಥ ತೊಟ್ಟಿಗೆ ಬೇಕಾದದ್ದು ಉಪ್ಪೇ ಹೊರತು ಕ್ಯಾಲ್ಸಿಯಂ ಅಲ್ಲ. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, ಲವಣಾಂಶ 35 ಎಂದು ಗೊತ್ತಿರುವ ಪ್ರಮಾಣದ್ರಾವಣದಲ್ಲಿ ಹೊಂದಿಸಬೇಕು. ತೊಟ್ಟಿಗೆ ಬಳಸುವ ನೀರೂ ಶುದ್ಧವಾಗಿರಬೇಕು. ಬೆಂಗಳೂರಿನಂತಹ ಊರಿನಲ್ಲಿ ಬೋರ್‌ವೆಲ್ ನೀರು ತಾನೇ ಗಡಸಾಗಿರುವುದರಿಂದ ಲೆಕ್ಕವೆಲ್ಲ ತಪ್ಪುತ್ತದೆ. ಅಡುಗೆಮನೆಯ ಆರ್‌ಒ ಯಂತ್ರಗಳಲ್ಲಿ ಅನೇಕವು ರುಚಿಗಾಗಿ ಲವಣವನ್ನು ಮರಳಿ ಬೆರೆಸುತ್ತವೆ. ಆದ್ದರಿಂದ ಅದರ ನೀರನ್ನು ಹಾಗೆಯೇ ನಂಬದೆ, ಉಳಿದ ಲವಣಗಳನ್ನು ಹೀರುವ ಡಿಐ ರಾಳವನ್ನೂ ದಾಟಿಸಿ, ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರು ಸೊನ್ನೆ ತೋರಿಸಿದ ಮೇಲೆ ಬಳಸಬೇಕು.

ಪರೀಕ್ಷೆಯನ್ನು ಯಾವಾಗಲೂ ದಿನದ ಒಂದೇ ಹೊತ್ತಿನಲ್ಲಿ, ಅಂದಿನ ಡೋಸ್ (ಖರ್ಚಾದದ್ದನ್ನು ತುಂಬುವ ದ್ರಾವಣ) ಹಾಕುವ ಮೊದಲು ಮಾಡಬೇಕು. ತೊಟ್ಟಿಯ ನೀರಿನಿಂದಲೇ ಎರಡು ಸಲ ತೊಳೆದ ಸೀಸೆಗೆ ಅಳತೆಯ ನೀರನ್ನು ತುಂಬಿ, ಸೂಚಕದ ಹನಿಗಳನ್ನು ಹಾಕಿ, ಕೆಳಗೆ ಬಿಳಿ ಕಾಗದವನ್ನಿಟ್ಟುಕೊಂಡು, ಸಿರಿಂಜಿನಿಂದ ಹನಿಹನಿಯಾಗಿ ದ್ರಾವಣವನ್ನು ಬಿಡುತ್ತ ಪ್ರತಿ ಹನಿಗೂ ಸೀಸೆಯನ್ನು ತಿರುಗಿಸಬೇಕು. ಬಣ್ಣವು ಮೊದಲು ಹನಿ ಬಿದ್ದಲ್ಲಿ ಮಾತ್ರ ಬದಲಾಗಿ ಮತ್ತೆ ಹಳೆಯದಕ್ಕೆ ಮರಳುತ್ತದೆ, ಆಮೇಲೆ ಮರಳಲು ತಡಮಾಡುತ್ತದೆ, ಕೊನೆಗೊಂದು ಹನಿಗೆ ಪೂರ್ತಿ ಬದಲಾಗಿ ಹಾಗೆಯೇ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ ಸಿರಿಂಜನ್ನು ಓದಬೇಕು. ಸಿರಿಂಜಿನ ತುದಿಯಲ್ಲಿ ಉಳಿಯುವ ಗಾಳಿಗುಳ್ಳೆಯನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಪ್ರತಿ ಕಿಟ್ಟಿನ ಸೂಚನೆಯಲ್ಲಿ ಬೇರೆಬೇರೆಯಾಗಿರುತ್ತದೆ, ಅದನ್ನು ಓದಿಕೊಳ್ಳುವುದು ಲೇಸು.

ಇನ್ನು ತೊಟ್ಟಿಯ ದಿನದ ಖರ್ಚನ್ನು ಕಂಡುಕೊಳ್ಳಬೇಕು. ಡೋಸ್ ಹಾಕುವುದನ್ನೂ ನೀರು ಬದಲಿಸುವುದನ್ನೂ ಮೂರು ದಿನ ನಿಲ್ಲಿಸಿ, ಮೊದಲ ಸಂಜೆ ಮತ್ತು ಮೂರು ದಿನಗಳ ನಂತರದ ಸಂಜೆ ಕ್ಷಾರತೆಯನ್ನು ಅಳೆಯಿರಿ. ಉದಾಹರಣೆಗೆ 9.0 ಇದ್ದದ್ದು 7.8 ಆಗಿದ್ದರೆ ಮೂರು ದಿನಕ್ಕೆ 1.2, ಅಂದರೆ ದಿನಕ್ಕೆ 0.4 ಡಿಕೆಎಚ್ ಖರ್ಚಾಗುತ್ತಿದೆ. ತೊಟ್ಟಿಯ ಗಾತ್ರವನ್ನು ಲೆಕ್ಕ ಹಾಕುವಾಗ ಕಲ್ಲು ಮತ್ತು ಮರಳು ಆಕ್ರಮಿಸಿದ ಜಾಗವನ್ನು ಕಳೆದು, ಸಂಪಿನ (ತೊಟ್ಟಿಯ ಕೆಳಗೆ ಅದಕ್ಕೆ ಜೋಡಿಸಿದ ಸೋಸುವ ತೊಟ್ಟಿಯ) ನೀರನ್ನು ಕೂಡಿಸಬೇಕು. 200 ಲೀಟರಿನ ತೊಟ್ಟಿಯಲ್ಲಿ ನಿಜವಾದ ನೀರು 170 ಲೀಟರ್ ಇದೆಯೆಂದು ಇಟ್ಟುಕೊಳ್ಳೋಣ.

ಸಾಮಾನ್ಯ ಗಾತ್ರದ ತೊಟ್ಟಿಗೆ ಎರಡು ದ್ರಾವಣಗಳ ಪದ್ಧತಿಯೇ ಸುಲಭ. ಒಂದು ಸೀಸೆಗೆ 84 ಗ್ರಾಂ ಅಡುಗೆ ಸೋಡಾವನ್ನೂ ಇನ್ನೊಂದಕ್ಕೆ 73.5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟನ್ನೂ ತೂಗಿ ಹಾಕಿ, ಎರಡನ್ನೂ ಆರ್‌ಒ-ಡಿಐ ನೀರಿನಿಂದ ಸರಿಯಾಗಿ ಒಂದು ಲೀಟರಿಗೆ ತರಬೇಕು. ಸೋಡಾ ಪೂರ್ತಿ ಕರಗಲು ಸ್ವಲ್ಪ ಹೊತ್ತು ಕಲಕಬೇಕಾಗುತ್ತದೆ. ಬೇಕಿಂಗ್ ಪೌಡರಿನಲ್ಲಿ ಆಮ್ಲ ಮತ್ತು ಪಿಷ್ಟ ಬೆರೆತಿರುವುದರಿಂದ ಅದನ್ನು ಬಳಸಕೂಡದು. ಈ ಅಳತೆಯಲ್ಲಿ ಎರಡೂ ಸೀಸೆಗಳು ಸಮತೂಕದಲ್ಲಿರುತ್ತವೆ: 100 ಲೀಟರ್ ನೀರಿಗೆ ಹಾಕಿದ 10 ಮಿಲಿ ಸೋಡಾ ದ್ರಾವಣವು ಕ್ಷಾರತೆಯನ್ನು 0.28 ಡಿಕೆಎಚ್‌ನಷ್ಟು ಏರಿಸಿದರೆ, 10 ಮಿಲಿ ಕ್ಯಾಲ್ಸಿಯಂ ದ್ರಾವಣವು ಕ್ಯಾಲ್ಸಿಯಂ ಅನ್ನು 2 ಪಿಪಿಎಂ ಏರಿಸುತ್ತದೆ. ದಿನಕ್ಕೆ 0.4 ಡಿಕೆಎಚ್ ಖರ್ಚಾಗುವ ಮೇಲಿನ 170 ಲೀಟರಿನ ತೊಟ್ಟಿಗೆ ದಿನಕ್ಕೆ ಎರಡರಲ್ಲೂ 24 ಮಿಲಿಯಂತೆ ಬೇಕಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು. ಮಂಗಳೂರಿನ ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಡಬ್ಬಿಯಲ್ಲಿಟ್ಟರೆ ಹರಳು ನೀರಾಗಿಬಿಡುತ್ತದೆ, ಅರೆತೇವವಾದ ಪುಡಿಯನ್ನು ತೂಗಿದರೆ ತೂಕದಲ್ಲಿ ನೀರೇ ಹೆಚ್ಚಿರುತ್ತದೆ. ಆದ್ದರಿಂದ ಡಬ್ಬಿ ಒಡೆದ ದಿನವೇ ಪೂರ್ತಿ ದ್ರಾವಣ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಎರಡು ದ್ರಾವಣಗಳನ್ನೂ ಒಂದೇ ಸಲಕ್ಕೆ ಒಂದೇ ಜಾಗಕ್ಕೆ ಸುರಿಯಬಾರದು. ಹಾಗೆ ಸುರಿದರೆ ಅವು ಅಲ್ಲಿಯೇ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಬಿದ್ದುಹೋಗುತ್ತವೆ, ನೀರು ಅಕ್ಕಿ ತೊಳೆದ ನೀರಿನಂತಾಗುತ್ತದೆ. ಸಂಪಿನಲ್ಲಿ ಹರಿವು ಜೋರಾಗಿರುವ ಕಡೆ ಒಂದನ್ನು ನಿಧಾನವಾಗಿ ಹಾಕಿ, ಅರ್ಧ ಗಂಟೆಯಾದರೂ ಬಿಟ್ಟು ಇನ್ನೊಂದನ್ನು ಹಾಕಬೇಕು. ಡೋಸಿಂಗ್ ಪಂಪ್ ಇದ್ದರೆ ದಿನದ ಪ್ರಮಾಣವನ್ನು ಹಲವು ಪಾಲುಗಳಾಗಿ ಹಂಚಬಹುದು. ಕ್ಷಾರತೆ ಬಹಳ ಇಳಿದಿದ್ದರೂ ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರಿಸಬಾರದು. ಈ ಪದ್ಧತಿಯಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಉಳಿದುಕೊಂಡು ಲವಣಾಂಶ ಮೆಲ್ಲಗೆ ಏರುವುದರಿಂದ, ನೀರು ಬದಲಿಸುವುದು ತಪ್ಪುವುದಿಲ್ಲ. ಬದಲಿಸುವ ನೀರಿನ ಕ್ಷಾರತೆಯನ್ನೂ ಅಳೆದು ನೋಡಿ: 8 ಇರುವ ತೊಟ್ಟಿಯ ಐದನೆಯ ಒಂದು ಪಾಲು ನೀರನ್ನು 12 ಇರುವ ನೀರಿನಿಂದ ಬದಲಿಸಿದರೆ ಕ್ಷಾರತೆ ಒಮ್ಮೆಗೇ 0.8 ಏರುತ್ತದೆ.

ಆವಿಯಾದ ನೀರಿನ ಬದಲು ಸುಣ್ಣದ ತಿಳಿನೀರನ್ನು ತೊಟ್ಟಿಕ್ಕಿಸುವುದು ಇನ್ನೊಂದು ಹಳೆಯ, ಅಗ್ಗದ ಪದ್ಧತಿ; ಹವ್ಯಾಸಿಗಳಲ್ಲಿ ಇದಕ್ಕೆ ಕಾಲ್ಕ್‌ವಾಸರ್ ಎಂಬ ಜರ್ಮನ್ ಹೆಸರೇ ಬಳಕೆಯಲ್ಲಿದೆ. ಲೀಟರಿಗೆ 1.5 ಗ್ರಾಂನಂತೆ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಕಲಕಿ, ಮುಚ್ಚಿಟ್ಟು, ತಳದ ಗಸಿಯನ್ನು ಬಿಟ್ಟು ತಿಳಿಯನ್ನು ಮಾತ್ರ ಬಳಸಬೇಕು. ಎಲೆಯಡಿಕೆಯ ಸುಣ್ಣವಾಗಲಿ ಗೋಡೆಯ ಸುಣ್ಣವಾಗಲಿ ಇದಕ್ಕೆ ಆಗದು, ಅದರಲ್ಲಿ ಬೆರಕೆ ಏನಿದೆಯೆಂದು ತಿಳಿಯುವುದಿಲ್ಲ. ದಿನಕ್ಕೆ ಎರಡು ಲೀಟರ್ ಆವಿಯಾಗುವ, 200 ಲೀಟರ್ ನೀರಿರುವ ತೊಟ್ಟಿಗೆ ಇದರಿಂದ ಸುಮಾರು 1.1 ಡಿಕೆಎಚ್ ಮತ್ತು 8 ಪಿಪಿಎಂ ಕ್ಯಾಲ್ಸಿಯಂ ಒಟ್ಟಿಗೇ ಸಿಗುತ್ತದೆ, ಪಿಎಚ್ ಕೂಡ ಏರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ರಾತ್ರಿ ಪಿಎಚ್ 7.8ಕ್ಕೆ ಇಳಿಯುವ ತೊಟ್ಟಿಗಳಿಗೆ ಇದು ದೊಡ್ಡ ಅನುಕೂಲ. ಆದರೆ ಮಳೆಗಾಲದಲ್ಲಿ ಆವಿಯಾಗುವುದೇ ಕಡಿಮೆಯಾದಾಗ ಡೋಸೂ ಕಡಿಮೆಯಾಗುತ್ತದೆ. ಈ ನೀರಿನ ಪಿಎಚ್ 12ಕ್ಕಿಂತ ಹೆಚ್ಚಿರುವುದರಿಂದ ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬಾರದು. ತೊಟ್ಟಿಗೆ ಹನಿಯಾಗಿಯೇ, ಸಾಧ್ಯವಾದರೆ ರಾತ್ರಿ ಬಿಡಬೇಕು. ಹವಳ ತುಂಬಿದ ದೊಡ್ಡ ತೊಟ್ಟಿಗಳಿಗೆ ಕ್ಯಾಲ್ಸಿಯಂ ರಿಯಾಕ್ಟರ್ (ಇಂಗಾಲದ ಡೈಆಕ್ಸೈಡ್ ಬೆರೆತ ನೀರಿನಿಂದ ಹವಳದ ಚೂರುಗಳನ್ನು ಕರಗಿಸುವ ಸಾಧನ) ಇದೆ, ಅದರ ವೆಚ್ಚ ಮತ್ತು ಹೊಂದಾಣಿಕೆಯ ಕೆಲಸ ಚಿಕ್ಕ ತೊಟ್ಟಿಗೆ ತಕ್ಕುದಲ್ಲ.

ಎಷ್ಟು ಹಾಕಿದರೂ ಕ್ಯಾಲ್ಸಿಯಂ ಮತ್ತು ಕ್ಷಾರತೆ ಎರಡೂ ನಿಲ್ಲದೆ, ಹೀಟರ್ ಮತ್ತು ಪಂಪಿನ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತಿದ್ದರೆ ಮೆಗ್ನೀಸಿಯಂ ಅನ್ನು ಅಳೆಯಿರಿ. ಆಗತಾನೇ ಹುಟ್ಟುವ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳಿಗೆ ಮೆಗ್ನೀಸಿಯಂ ಅಂಟಿಕೊಂಡು ಅದರ ಬೆಳವಣಿಗೆಯನ್ನು ತಡೆಯುತ್ತದೆ. ಅದು ಕಡಿಮೆಯಾದರೆ ನಾವು ಹಾಕಿದ್ದು ಹವಳಕ್ಕೆ ಸೇರದೆ ಪಂಪಿಗೆ ಸೇರುತ್ತದೆ. 100 ಲೀಟರಿನಲ್ಲಿ 10 ಪಿಪಿಎಂ ಏರಿಸಲು 8.4 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಬೇಕು. ಪಂಪನ್ನು ಹೊರತೆಗೆದು ವಿನೆಗರಿನಲ್ಲಿ ನೆನೆಸಿದರೆ ಹಕ್ಕಳೆ ಬಿಡುತ್ತದೆ.

ಹವಳ ಬೆಳೆದಂತೆ ಖರ್ಚೂ ಬೆಳೆಯುವುದರಿಂದ ತಿಂಗಳಿಗೊಮ್ಮೆ ಡೋಸನ್ನು ಪರಿಷ್ಕರಿಸಬೇಕು. ಇದಕ್ಕೆ ವಿರುದ್ಧವಾಗಿ, ಅದೇ ಡೋಸಿಗೆ ಕ್ಷಾರತೆ ಇದ್ದಕ್ಕಿದ್ದಂತೆ ಏರತೊಡಗಿದರೆ ಹವಳಗಳು ಅಸ್ಥಿ ಕಟ್ಟುವುದನ್ನು ನಿಲ್ಲಿಸಿವೆ ಎಂದು ತಿಳಿಯಬೇಕು. ಆಗ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ಖಚಿತಪಡಿಸಿಕೊಂಡು, ಅಂದೇ ಡೋಸನ್ನು ಅರ್ಧಕ್ಕೆ ಇಳಿಸಿ, ಉಷ್ಣತೆ, ಲವಣಾಂಶ ಮತ್ತು ದೀಪಗಳನ್ನು ನೋಡಿ, ಕಲ್ಲಿನ ಹಿಂಬದಿಯಲ್ಲಿ ಅಂಗಾಂಶ ಕಳಚುತ್ತಿರುವ ಹವಳವಿದೆಯೇ ಎಂದು ಟಾರ್ಚ್ ಹಿಡಿದು ಹುಡುಕಬೇಕು.