ವಾರಾಂತ್ಯದ ಕ್ರಿಕೆಟ್ ಟೀಮಿಗೆ ಹೊಸದಾಗಿ ಕ್ಯಾಪ್ಟನ್ ಆದವರಿಗೆ

ಗೆಳೆಯರೇ, ಫೀಲ್ಡಿಂಗ್ ಸೆಟ್ ಮಾಡುವ ಚಿಂತೆ ಆಮೇಲೆ. ಮೊದಲು ಜನ ಸೇರಬೇಕು. ಹಿಂದಿನ ರಾತ್ರಿ 14 ಜನ 'ಬರ್ತೀನಿ' ಅಂದಿರುತ್ತಾರೆ. ಬೆಳಿಗ್ಗೆ ನೋಡಿದರೆ 9 ಜನ, ಅದರಲ್ಲೊಬ್ಬರು ಚಪ್ಪಲಿಯಲ್ಲಿ! ಗಾಬರಿ ಬೇಡ. ಎರಡೂ ಕಡೆಯವರು ಒಪ್ಪಿದರೆ 11ಕ್ಕಿಂತ ಕಡಿಮೆ ಅಥವಾ ಜಾಸ್ತಿ ಜನ ಇಟ್ಟುಕೊಂಡು ಆಡಬಹುದು ಅಂತ ಕ್ರಿಕೆಟ್‌ನ 1ನೇ ನಿಯಮವೇ ಹೇಳುತ್ತದೆ. ಫೀಲ್ಡಿಂಗ್‌ಗೆ ಮಾತ್ರ ಒಮ್ಮೆಗೆ 11 ಜನರಿಗಿಂತ ಹೆಚ್ಚು ಇಳಿಯುವಂತಿಲ್ಲ. ಟಾಸ್‌ಗೆ ಮುಂಚೆಯೇ ಎದುರಾಳಿ ಕ್ಯಾಪ್ಟನ್ ಹತ್ತಿರ ಮಾತಾಡಿಕೊಳ್ಳಿ.

ನಿಜವಾದ ಕಷ್ಟ ಬೌಲಿಂಗ್ ಹಂಚುವುದರಲ್ಲಿದೆ. 20 ಓವರ್ ಪಂದ್ಯದಲ್ಲಿ ಒಬ್ಬರಿಗೆ 4 ಓವರ್ ಕೊಟ್ಟರೆ ಐದೇ ಜನರಲ್ಲಿ ಮುಗಿದುಹೋಗುತ್ತದೆ. ಅದರ ಬದಲು 3 ಓವರ್ ಮಿತಿ ಇಡಿ, ಏಳು ಜನರ ಕೈಗೆ ಚೆಂಡು ಸಿಗುತ್ತದೆ. ಬೌಲಿಂಗ್ ಸಿಗದವರನ್ನು ಬ್ಯಾಟಿಂಗ್‌ಗೆ ಮೇಲೆ ಕಳಿಸಿ. ಇಡೀ ಹೊತ್ತು ಬೌಂಡರಿ ಲೈನ್‌ನಲ್ಲಿ ನಿಂತು, ಆಮೇಲೆ ಪ್ಯಾಡ್ ಕಟ್ಟಿ ಕಾದು, ಬ್ಯಾಟ್ ಹಿಡಿಯದೆ ಪ್ಯಾಡ್ ಬಿಚ್ಚುವವರು ಪಾಪ, ಮುಂದಿನ ವಾರ ಯಾಕೆ ಬರುತ್ತಾರೆ ಹೇಳಿ? ಒಂದು ಪಂದ್ಯ ಸೋತರೂ ಪರವಾಗಿಲ್ಲ, ಅಂಥವರನ್ನು ಕಳೆದುಕೊಳ್ಳಬೇಡಿ.

ಹರಟೆ ಹೊಡೆಯುತ್ತಾ ಜಾಗ ಬಿಟ್ಟು ಸರಿಯುವ ಫೀಲ್ಡರ್‌ಗಳ ಮೇಲೆ ಕಣ್ಣಿರಲಿ. ಕೀಪರ್ ಬಿಟ್ಟು, ಲೆಗ್ ಸೈಡ್‌ನಲ್ಲಿ ಬ್ಯಾಟರ್‌ನ ಕ್ರೀಸಿನ ಹಿಂದೆ ಇಬ್ಬರಿಗಿಂತ ಜಾಸ್ತಿ ಇದ್ದರೆ ನೋ ಬಾಲ್. ಪಾಪ, ರನ್ ಹೋಗುವುದು ಬೌಲರ್ ಲೆಕ್ಕಕ್ಕೆ.

ಇನ್ನೊಂದು, ಮೈದಾನದ ಬಾಡಿಗೆ ದುಡ್ಡು ಆಟಕ್ಕೆ ಮೊದಲೇ ವಸೂಲಿ ಮಾಡಿ. ಸೊನ್ನೆಗೆ ಔಟಾಗಿ ಬಂದವರ ಹತ್ತಿರ ಕೇಳುವುದು ಬಹಳ ಕಷ್ಟ.