ಮನೆಯಲ್ಲಿ ಯೋಲ್ ಬ್ಲೋಟ್: ನಾನು ಮಾಡುವ ರೀತಿ

ಡಿಸೆಂಬರ್ 21ರ ಹೊತ್ತಿಗೆ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ. ಮಧ್ಯಾಹ್ನ ಮೂರೂವರೆಗೆ ಮುಳುಗಿಯೇ ಬಿಡುತ್ತಾನೆ. ಈ ಕತ್ತಲಲ್ಲಿ ಒಂದು ವರ್ಷ ಬದುಕಿದವರಿಗೆ ನಡುಚಳಿಗಾಲದ ಯೋಲ್ ಹಬ್ಬ ಯಾಕೆ ಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಓದಿನ್, ಥೋರ್, ಫ್ರೆಯರ್, ಫ್ರೇಯಾ ಮುಂತಾದ ಹಳೆಯ ನಾರ್ಡಿಕ್ ದೇವತೆಗಳನ್ನು ನೆನೆಯುವ ಧರ್ಮಕ್ಕೆ ಇಲ್ಲಿ ಆಸಾತ್ರೂ ಅನ್ನುತ್ತಾರೆ. ಅದರ ಮುಖ್ಯ ಆಚರಣೆ ಬ್ಲೋಟ್, ಅಂದರೆ ದೇವತೆಗಳಿಗೆ ಅರ್ಪಣೆ. ಕೆಲಸಕ್ಕೆಂದು ಐಸ್‌ಲ್ಯಾಂಡಿಗೆ ಬಂದ ನಾನು ಈಗ ಪ್ರತಿ ವರ್ಷ ಮನೆಯಲ್ಲೇ ಸಣ್ಣದಾಗಿ ಯೋಲ್ ಬ್ಲೋಟ್ ಮಾಡುತ್ತೇನೆ.

ಇದು ಕಡಿಯದೆ ನಡೆದು ಬಂದ ಪರಂಪರೆ ಅಲ್ಲ. ಸುಮಾರು 1000ನೇ ಇಸವಿಯಲ್ಲಿ ಐಸ್‌ಲ್ಯಾಂಡಿನ ಹಳೆಯ ಸಭಾಸ್ಥಳವಾದ ಥಿಂಗ್ವೆಲ್ಲಿರ್‌ನಲ್ಲಿ ಸೇರಿದ ಸಭೆ ಕ್ರೈಸ್ತ ಧರ್ಮವನ್ನು ಒಪ್ಪಿಕೊಂಡಿತು. 1972ರಲ್ಲಿ ಸ್ವೇನ್‌ಬ್ಯೋರ್ನ್ ಬೇನ್‌ಟೇನ್ಸನ್ ಎಂಬ ರೈತ ಕವಿ ಮತ್ತು ಅವರ ಗೆಳೆಯರು ಆಸಾತ್ರೂ ಸಂಘ ಕಟ್ಟಿದರು. ಮರುವರ್ಷವೇ ಸರ್ಕಾರದ ಮಾನ್ಯತೆ ಸಿಕ್ಕಿತು. ನಡುವೆ ಕಳೆದುಹೋಗಿದ್ದು ಎಷ್ಟೋ. 13ನೇ ಶತಮಾನದ ಕೈಬರಹಗಳಲ್ಲಿ ಉಳಿದ ದೇವತೆಗಳ, ವೀರರ ಕಥೆ ಹೇಳುವ ಎಡ್ಡಾ ಪದ್ಯಗಳು, ಹಿಂದಿನವರ ಬದುಕು ಹೇಳುವ ಸಾಗಾ ಕಥೆಗಳು ಇವೇ ನಮಗೆ ಆಧಾರ. ಉಳಿದದ್ದನ್ನು ಇಂದಿನವರು ಯೋಚಿಸಿ ಕಟ್ಟಿಕೊಂಡಿದ್ದಾರೆ. ಅದರಿಂದ ನನ್ನ ಭಕ್ತಿ ಕಡಿಮೆ ಆಗಿಲ್ಲ.

ಮೊದಲ ತಯಾರಿ ಹಂದಿ. ಅಂದರೆ ಹಂದಿಯ ಆಕಾರದ ಬ್ರೆಡ್! ಹಳೆಯ ಕಾಲದಲ್ಲಿ ಯೋಲ್ ರಾತ್ರಿ ಒಂದು ಗಂಡು ಹಂದಿಯನ್ನು ಕರೆತಂದು, ಅದರ ಬಿರುಗೂದಲಿನ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡುತ್ತಿದ್ದರು ಅಂತ ಸಾಗಾಗಳಲ್ಲಿ ಬರುತ್ತದೆ. ಇಲ್ಲಿನ ಸಂಘ ಪ್ರಾಣಿಬಲಿ ಕೊಡುವುದಿಲ್ಲ. ನಾನು ಸಸ್ಯಾಹಾರಿ ಬೇರೆ. ಮೈದಾ, ಹಾಲು, ಬೆಣ್ಣೆ, ಯೀಸ್ಟ್ ಹಾಕಿ ನಾದಿ, ಸ್ವಲ್ಪ ಏಲಕ್ಕಿ ಪುಡಿ ಸೇರಿಸುತ್ತೇನೆ. ನಾರ್ಡಿಕ್ ದೇಶಗಳ ಬೇಕರಿಗಳಲ್ಲೂ ಏಲಕ್ಕಿ ಜಾಸ್ತಿಯೇ. ಕಣ್ಣಿಗೆ ಎರಡು ಒಣದ್ರಾಕ್ಷಿ. ಬೆನ್ನಿನ ಮೇಲೆ ಕತ್ತರಿಯಿಂದ ಕಚಕಚ ಕತ್ತರಿಸಿದರೆ ಬಿರುಗೂದಲು ಎದ್ದು ನಿಲ್ಲುತ್ತದೆ.

ಆಮೇಲೆ ಕುಡಿಯುವ ಕೊಂಬು. ಎತ್ತಿನ ಕೊಂಬನ್ನು ತಣ್ಣೀರಲ್ಲೇ ತೊಳೆಯಬೇಕು. ಬಿಸಿ ನೀರು ಬಿದ್ದರೆ ವಾಸನೆ ಬರುತ್ತದೆ, ಆಕಾರವೂ ಕೆಡಬಹುದು. ಕುಡಿಯುವಾಗ ತುದಿ ಪಕ್ಕಕ್ಕೆ ತಿರುಗಿರಲಿ. ಮೇಲಕ್ಕೆ ಎತ್ತಿದರೆ ಒಳಗೆ ಗಾಳಿ ನುಗ್ಗಿ ಎಲ್ಲಾ ಒಂದೇ ಸಲ ಮುಖಕ್ಕೆ ಚಿಮ್ಮುತ್ತದೆ. ತುಂಬಿದ ಕೊಂಬನ್ನು ಮೇಜಿನ ಮೇಲೆ ಇಡಲು ಆಗುವುದಿಲ್ಲ, ಯಾರಾದರೂ ಹಿಡಿದುಕೊಂಡೇ ಇರಬೇಕು. ಹಾಗಾಗಿ ಅದು ಕೈಯಿಂದ ಕೈಗೆ ಹೋಗುತ್ತದೆ. ಒಳಗೆ ಜೇನಿನಿಂದ ಮಾಡಿದ ಮೀಡ್. ಮದ್ಯ ಬೇಡ ಅನ್ನುವವರಿಗೆ, ಮಕ್ಕಳಿಗೆ, ಇನ್ನೊಂದು ಕೊಂಬಿನಲ್ಲಿ ಸೇಬಿನ ರಸ.

ಹಿತ್ತಲಿನ ಬಂಡೆಯ ಹತ್ತಿರ ಎಲ್ಲರೂ ಸುತ್ತ ನಿಲ್ಲುತ್ತೇವೆ. ಇಲ್ಲಿನ ಗಾಳಿಗೆ ಬರೀ ಮೇಣದಬತ್ತಿ ನಿಲ್ಲುವುದಿಲ್ಲ, ಗಾಜಿನ ಲಾಟೀನು ಬೇಕು. ಬ್ಲೋಟ್ ಮುಗಿಯುವ ತನಕ ಇಲ್ಲಿ ಜಗಳವಿಲ್ಲ ಅಂತ ಮೊದಲು ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ಎಡ್ಡಾದ ಪದ್ಯ. ಗಾಢ ನಿದ್ದೆಯಿಂದ ಎದ್ದ ವಾಲ್ಕಿರಿಯೊಬ್ಬಳು (ಓದಿನ್‌ನ ಯುದ್ಧಕನ್ಯೆ) ಹಗಲಿಗೆ, ರಾತ್ರಿಗೆ, ದೇವ ದೇವಿಯರಿಗೆ, ಎಲ್ಲವನ್ನೂ ಕೊಡುವ ಭೂಮಿಗೆ ನಮಸ್ಕರಿಸುವ ಪದ್ಯವದು. ಹಳೆಯ ನಾರ್ಡಿಕ್ ಭಾಷೆಯಲ್ಲೇ ಬಾಯಿಪಾಠ ಮಾಡಿದ್ದೇನೆ.

ಕೊಂಬು ಮೂರು ಸುತ್ತು ಬರುತ್ತದೆ. ನಾರ್ವೆಯ ಹಳೆಯ ಬ್ಲೋಟ್‌ಗಳಲ್ಲಿ ಮೊದಲು ಓದಿನ್‌ಗೆ, ಆಮೇಲೆ ಒಳ್ಳೆಯ ಬೆಳೆ ಮತ್ತು ಶಾಂತಿ ಬೇಡಿ ಸಮುದ್ರದ ದೇವತೆ ನ್ಯೋರ್ದ್ ಮತ್ತು ಫ್ರೆಯರ್‌ಗೆ, ಕೊನೆಗೆ ತೀರಿಕೊಂಡ ಬಂಧುಗಳ ನೆನಪಿಗೆ ಕುಡಿಯುತ್ತಿದ್ದರು ಅಂತ 13ನೇ ಶತಮಾನದ ಐಸ್‌ಲ್ಯಾಂಡಿನ ಲೇಖಕ ಸ್ನೋರಿ ಸ್ಟುರ್ಲುಸನ್ ಬರೆದಿದ್ದಾನೆ. ನಾನು ದೇವತೆಗಳಿಗೆ ಒಂದು ಸುತ್ತು, ಹಿರಿಯರಿಗೆ ಒಂದು, ಪ್ರತಿಜ್ಞೆಗೆ ಒಂದು ಅಂತ ಇಟ್ಟುಕೊಂಡಿದ್ದೇನೆ. ಎರಡನೇ ಸುತ್ತಿನಲ್ಲಿ ನನ್ನ ಅಜ್ಜಿಯ ಹೆಸರು ಹೇಳುತ್ತೇನೆ. ಮಹಾಲಯ ಅಮಾವಾಸ್ಯೆಗೆ ಮನೆಯಲ್ಲಿ ಎಡೆ ಇಟ್ಟು ಹಿರಿಯರನ್ನು ಕರೆದು ಬೆಳೆದವಳಿಗೆ ಆ ಸುತ್ತು ಹೊಸದೇನಲ್ಲ. ಕಷ್ಟವಾಗಿದ್ದು ಮೂರನೆಯದು. ಊರಲ್ಲಿ ನಾನು ಹರಕೆ ಹೊತ್ತರೆ ಮನಸ್ಸಿನಲ್ಲೇ. ಇಲ್ಲಿ ಬ್ರೆಡ್ಡಿನ ಬೆನ್ನ ಮೇಲೆ ಕೈಯಿಟ್ಟು, ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಬೇಕು. ಮುಂದಿನ ಯೋಲ್‌ಗೆ ಅವರೇ ಕೇಳುತ್ತಾರೆ. ನನಗಂತೂ ಬ್ಲೋಟ್‌ನ ಜೀವ ಇರುವುದು ಇಲ್ಲೇ. ಅತಿಯಾಗಿ ಅರ್ಪಿಸುವುದಕ್ಕಿಂತ ಏನೂ ಕೇಳದೇ ಇರುವುದೇ ಮೇಲು ಅಂತ ಎಡ್ಡಾದ ಹಾವಮಾಲ್ ಪದ್ಯ ಎಚ್ಚರಿಸುತ್ತದೆ. ಹಾಗಾಗಿ ಸಣ್ಣ ಮಾತು ಕೊಡಿ, ಉಳಿಸಿಕೊಳ್ಳಿ.

ಉಳಿದ ಮೀಡ್ ಭೂಮಿಗೆ ಸುರಿಯುತ್ತೇವೆ. ಬ್ರೆಡ್ಡಿನ ಒಂದು ತುಂಡು ಬಂಡೆಯ ಪಕ್ಕ, ಉಳಿದದ್ದು ಊಟಕ್ಕೆ. ಲಾವಾ ಬಯಲಿನಲ್ಲಿ ಮಾಡುವವರು ಪಾಚಿಯ ಮೇಲೆ ಕಾಲಿಡಬೇಡಿ. ಅದು ಮತ್ತೆ ಬೆಳೆಯಲು ದಶಕಗಳೇ ಬೇಕು. ಭೂಮಿಗೆ ನಮಸ್ಕಾರ ಹೇಳಿ ಅದನ್ನೇ ತುಳಿಯುವುದು ಸರಿಯಲ್ಲ, ಅಲ್ವಾ?

ಸಂಘಕ್ಕೆ ಬಿಳಿಯರಲ್ಲದವರನ್ನು ಸೇರಿಸುತ್ತಾರಾ ಅಂತ ತುಂಬಾ ಜನ ಕೇಳುತ್ತಾರೆ. ಥೋರ್‌ನ ಸುತ್ತಿಗೆಯನ್ನು, ರೂನ್ ಅಕ್ಷರಗಳನ್ನು ಜನಾಂಗ ದ್ವೇಷಕ್ಕೆ ಬಳಸುವವರು ಯುರೋಪಿನಲ್ಲೂ ಅಮೆರಿಕದಲ್ಲೂ ಇದ್ದಾರೆ. ಅದನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಐಸ್‌ಲ್ಯಾಂಡಿನ ಸಂಘ ಅಂಥವರನ್ನು ಬಹಿರಂಗವಾಗಿ ತಿರಸ್ಕರಿಸಿದೆ. ಬೇರೆ ಕಡೆ ಯಾವುದೇ ಗುಂಪು ಸೇರುವ ಮುಂಚೆ ಈ ವಿಷಯದಲ್ಲಿ ಅವರ ನಿಲುವೇನು ಅಂತ ನೇರವಾಗಿ ಕೇಳಿ. ಉತ್ತರ ಸುತ್ತಿ ಬಳಸಿ ಬಂದರೆ ಎದ್ದು ಬನ್ನಿ.

ಮೊದಲು ನೋಡಬೇಕು ಅನ್ನುವವರಿಗೆ ಸಂಘ ನಡೆಸುವ ಬೇಸಿಗೆಯ ಥಿಂಗ್‌ಬ್ಲೋಟ್ ಒಳ್ಳೆಯದು. ಜೂನ್ ಕೊನೆಯ ಹೊತ್ತಿಗೆ, ಒಂದು ಗುರುವಾರ, ಥಿಂಗ್ವೆಲ್ಲಿರ್‌ನಲ್ಲೇ ನಡೆಯುತ್ತದೆ. ಹೊರಗಿನವರೂ ಬರಬಹುದು. ಜೂನ್ ಅಂತ ಸುಮ್ನೆ ತೆಳು ಬಟ್ಟೆಯಲ್ಲಿ ಬರಬೇಡಿ, ಸ್ವೆಟರ್ ತನ್ನಿ.