ಬೆಂಚಿನ ಎರಡನೇ ಕುರ್ಚಿ: ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಸಹಾಯಕ ಕೋಚ್ ಆಗಿ ವರ್ಷಗಟ್ಟಲೆ ನಿಲ್ಲುವುದು ಹೇಗೆ

ಮೊದಲು ಹೊಟ್ಟೆಪಾಡಿನ ಮಾತು. ತುಮಕೂರು ಕಡೆಯ ಬಹುತೇಕ ಡಿಗ್ರಿ ಕಾಲೇಜುಗಳಲ್ಲಿ ಸಹಾಯಕ ಕೋಚ್ ಎಂದು ಮಂಜೂರಾದ ಹುದ್ದೆಯೇ ಇರುವುದಿಲ್ಲ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ನೀವು ಅವರ ಜೊತೆ ಗೌರವಧನದ ಮೇಲೆ ದುಡಿಯುತ್ತೀರಿ. ಹಾಗಾಗಿ ಓದು ನಿಲ್ಲಿಸಬೇಡಿ: ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್ 2 ವರ್ಷ, ಸ್ನಾತಕೋತ್ತರ ಪದವಿ ಎಂ.ಪಿ.ಎಡ್ 2 ವರ್ಷ, ಆಮೇಲೆ ಕಾಲೇಜು ಹುದ್ದೆಯ ಅರ್ಹತಾ ಪರೀಕ್ಷೆಗಳಾದ ಕೆ-ಸೆಟ್ (ರಾಜ್ಯದ್ದು) ಅಥವಾ ನೆಟ್ (ರಾಷ್ಟ್ರಮಟ್ಟದ್ದು). ಕೋಚಿಂಗ್ ಕಲಿಯಲು ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೊಡುವ ಒಂದು ವರ್ಷದ ಡಿಪ್ಲೊಮಾ ಒಳ್ಳೆಯದು. ವರ್ಷ ಪೂರ್ತಿ ಬಿಡುವು ಸಿಗದವರಿಗೆ 6 ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ.

ಅಭ್ಯಾಸ ಮುಗಿಸುವ ಹೊತ್ತನ್ನು ಗಡಿಯಾರ ನೋಡಿ ಇಡಬೇಡಿ, ಬಸ್ಸು ನೋಡಿ ಇಡಿ. ಕೊರಟಗೆರೆ, ಮಧುಗಿರಿ, ಗುಬ್ಬಿ ಕಡೆಯಿಂದ ಬರುವ ಪ್ರತಿ ಹುಡುಗಿಯ ಊರಿನ ಕೊನೇ ಸರ್ಕಾರಿ ಬಸ್ಸು ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳಿ. ಸರ್ಕಾರಿ ಬಸ್ಸು ಎಂದೇ ಕೇಳಬೇಕು, ಏಕೆಂದರೆ 2023ರ ಜೂನ್‌ನಿಂದ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಖಾಸಗಿ ಬಸ್ಸಿಗೆ ಇಲ್ಲ. ಎರಡು ಸಲ ಕತ್ತಲಾದ ಮೇಲೆ ಮನೆ ಸೇರಿದರೆ ಮೂರನೇ ದಿನ ‘ಆಟ ಸಾಕು’ ಎಂದು ಮನೆಯವರು ಬಿಡಿಸುತ್ತಾರೆ. ಎಂಥ ಆಟಗಾರ್ತಿಯಾದರೂ ಅಲ್ಲಿಗೆ ಮುಗಿಯಿತು.

ಚೆಂಡಿನ ವಿಷಯದಲ್ಲಿ ರಾಜಿ ಬೇಡ. ಹುಡುಗಿಯರಿಗೆ 6ನೇ ಸೈಜು. ಸುತ್ತಳತೆ ಸುಮಾರು 72.5 ಸೆಂ.ಮೀ. ಹುಡುಗರ 7ನೇ ಸೈಜಿನ ಚೆಂಡು ಕೊಟ್ಟು ಅಭ್ಯಾಸ ಮಾಡಿಸಿದರೆ ಭಾರಕ್ಕೆ ಮೊಣಕೈ ಹೊರಗೆ ಹೋಗುತ್ತದೆ, ಎದೆಯಿಂದ ನೂಕುವ ಚಾಳಿ ಅಂಟುತ್ತದೆ. ಅದನ್ನು ಬಿಡಿಸಲು ಒಂದು ಸೀಸನ್ನೇ ಬೇಕು.

ಇನ್ನು ಮೊಣಕಾಲು. ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು, ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹಲವು ಪಟ್ಟು ಹೆಚ್ಚು. ಹೆಚ್ಚಿನ ಸಲ ಯಾರೂ ತಾಗಿರುವುದಿಲ್ಲ, ಹಾರಿ ಇಳಿಯುವಾಗಲೋ ಗಕ್ಕನೆ ತಿರುಗುವಾಗಲೋ ಆಗುತ್ತದೆ. ನಮ್ಮ ಸಿಮೆಂಟ್ ಅಂಕಣದ ಮೇಲೆ ಮರಳು ಕೂತಿದ್ದರೆ ಕೇಳುವುದೇ ಬೇಡ, ಮೊದಲು ಗುಡಿಸಿ. ಸೀಸನ್ ಶುರುವಿನಲ್ಲೇ ಪ್ರತಿಯೊಬ್ಬಳನ್ನೂ ಸುಮಾರು 30 ಸೆಂ.ಮೀ. ಎತ್ತರದ ಗಟ್ಟಿ ಮಣೆ ಮೇಲಿಂದ ಇಳಿಸಿ, ಇಳಿದ ತಕ್ಷಣ ಮೇಲಕ್ಕೆ ಹಾರಲು ಹೇಳಿ. ಎದುರಿನಿಂದ ಮೊಬೈಲಿನಲ್ಲಿ ಸ್ಲೋ ಮೋಷನ್ ಹಿಡಿಯಿರಿ. ಮಂಡಿಗಳು ಪಾದದ ನೇರಕ್ಕಿವೆಯೋ, ಒಂದಕ್ಕೊಂದು ತಾಗುವಂತೆ ಒಳಗೆ ಬಾಗುತ್ತವೆಯೋ ನೋಡಿ. ಬಾಗಿದರೆ ಅವಳನ್ನು ಬೈದು ಪ್ರಯೋಜನವಿಲ್ಲ, ಸೊಂಟದ ಪಕ್ಕದ ಸ್ನಾಯುಗಳಿಗೆ ಶಕ್ತಿ ಸಾಲದೆಯೂ ಹಾಗಾಗುತ್ತದೆ. ವಾರಕ್ಕೆ ಮೂರು ದಿನವಾದರೂ ವಾರ್ಮ್‌ಅಪ್‌ನಲ್ಲಿ 15 ನಿಮಿಷ ಒಂಟಿಕಾಲಿನ ಸ್ಕ್ವಾಟ್, ಪಕ್ಕದ ಪ್ಲ್ಯಾಂಕ್ (ಒಂದು ಮೊಣಕೈ ಊರಿ ಮೈಯನ್ನು ಪಕ್ಕಕ್ಕೆ ನೇರವಾಗಿ ಎತ್ತಿ ಹಿಡಿಯುವುದು), ಹಾರಿ ಸದ್ದಿಲ್ಲದೆ ಇಳಿದು ಎರಡು ಸೆಕೆಂಡ್ ಅಲುಗದೆ ನಿಲ್ಲುವುದು ಮಾಡಿಸಿ. ಎರಡು ವಾರ ಮಾಡಿಸಿ ಕೈಬಿಟ್ಟರೆ ಮಾಡಿಸದ ಹಾಗೇ. ಒಬ್ಬಳಿಗೆ ಬೇಗ ಉಸಿರು ಕಟ್ಟಿ ಸುಸ್ತಾಗುತ್ತಿದ್ದರೆ ಸೋಮಾರಿ ಎನ್ನುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಪಂದ್ಯದ ದಿನ ನಿಮ್ಮ ಆಯುಧ ಇನ್ನೂರು ಪುಟದ ರೂಲ್ಡ್ ನೋಟ್‌ಬುಕ್. ಎಡಪುಟದಲ್ಲಿ ಅರ್ಧ ಅಂಕಣ ಬರೆದು ಎದುರಾಳಿ ಎಸೆದ ಜಾಗದಲ್ಲಿ ಜರ್ಸಿ ನಂಬರ್ ಹಾಕಿ. ಬಾಸ್ಕೆಟ್ ಆದರೆ ಸುತ್ತ ಸೊನ್ನೆ, ತಪ್ಪಿದರೆ ಅಡ್ಡಗೆರೆ. ಬಲಪುಟದಲ್ಲಿ ನಮ್ಮವರ ಫೌಲ್, ಟರ್ನೋವರ್ (ಎಸೆಯುವ ಮೊದಲೇ ಚೆಂಡು ಎದುರಾಳಿ ಪಾಲಾಗುವುದು), ಉಳಿದ ಟೈಮ್‌ಔಟ್. ಮೊದಲರ್ಧಕ್ಕೆ 2, ಎರಡನೇ ಅರ್ಧಕ್ಕೆ 3 ಟೈಮ್‌ಔಟ್. ಮೊದಲರ್ಧದ್ದು ಉಳಿದರೆ ಆಚೆಗೆ ಬರುವುದಿಲ್ಲ. ಒಂದು ಕ್ವಾರ್ಟರಿನಲ್ಲಿ (ಪಂದ್ಯದ ಕಾಲುಭಾಗ) ತಂಡದ ಫೌಲ್ ನಾಲ್ಕು ಮುಟ್ಟಿದ ಕೂಡಲೇ ಹೆಡ್ ಕೋಚ್‌ಗೆ ಗಟ್ಟಿಯಾಗಿ ಹೇಳಿ, ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ತಡೆಯದ ಎಸೆತ.

ಟೈಮ್‌ಔಟ್ ಇರುವುದೇ ಒಂದು ನಿಮಿಷ. ಹುಡುಗಿಯರು ಬೆಂಚಿಗೆ ಬಂದು ನೀರು ಕುಡಿಯುವಷ್ಟರಲ್ಲಿ ಹೆಡ್ ಕೋಚ್ ಕಿವಿಗೆ ಎರಡೇ ಮಾತು ಹಾಕಿ: ‘ಮೇಡಂ, 9ನೇ ನಂಬರ್ ಬರೀ ಬಲಗಡೆಗೇ ನುಗ್ತಾಳೆ. ನಮ್ಮ 4ನೇ ನಂಬರ್‌ಗೆ ನಾಲ್ಕನೇ ಫೌಲ್.’ ಆಮೇಲೆ ಬಾಯಿ ಮುಚ್ಚಿ. ಎರಡು ಬಾಯಿಂದ ಎರಡು ಪ್ಲ್ಯಾನ್ ಬಂದರೆ ಹುಡುಗಿಯರು ಯಾವುದನ್ನೂ ಆಡುವುದಿಲ್ಲ. ಪಂದ್ಯ ನಡೆಯುವಾಗಲೂ ಒಂದು ಸಲಕ್ಕೆ ಕೋಚ್‌ಗಳಲ್ಲಿ ಒಬ್ಬರೇ ಎದ್ದು ನಿಲ್ಲಬಹುದು. ಅವರು ನಿಂತಿದ್ದರೆ ನೀವು ಕೂತಿರಿ.

ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೊರಟಾಗ ತಂಡ ಸೋಲುವುದಕ್ಕಿಂತ ಕಾಗದದಲ್ಲಿ ಸಿಕ್ಕಿಬೀಳುವುದೇ ಅವಮಾನ. 12 ಜನರದ್ದೂ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಈ ವರ್ಷದ ಫೀ ರಸೀದಿ, ಫೋಟೊ, ಸಹಿ ಮೊಹರು ಬಿದ್ದ ಅರ್ಹತಾ ಪತ್ರ ಒಂದೇ ಫೈಲಿನಲ್ಲಿರಲಿ. ಹೆಚ್ಚಾಗಿ ಕೈಕೊಡುವುದು ಹೆಸರಿನ ಸ್ಪೆಲ್ಲಿಂಗ್: ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇನಿಷಿಯಲ್. ಹೊರಡುವ ಹಿಂದಿನ ದಿನವಲ್ಲ, ತಂಡ ಆರಿಸಿದ ವಾರವೇ ಕೂತು ತಾಳೆ ನೋಡಿ. ಆ ಫೈಲನ್ನು ಲಗೇಜಿಗೆ ಹಾಕಬೇಡಿ, ಹೆಗಲ ಚೀಲದಲ್ಲೇ ಇಟ್ಟುಕೊಳ್ಳಿ.